ಖಾಲಾನ ಗೋಡೆಯ ಬುಡದ ಮಣ್ಣು

ಇಷ್ಟು ವರ್ಷ ಏನೇನೋ ಬರೆದೆ. ಈ ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಬರೆಯಬೇಕೆಂದು ಕೂತಾಗಲೆಲ್ಲ ತವರಿನದೋ ಮಕ್ಕಳದೋ ಬೇರೊಂದು ಮಾತು ನೆನಪಾಗಿ ಅದನ್ನೇ ಬರೆದು ಎದ್ದುಬಿಡುತ್ತಿದ್ದೆ. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವ ಜಾಗ ಒಂದೂ ಇಲ್ಲ, ಕಾರಣ ಅಷ್ಟೇ.

ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ನಾನು ಸೊಲ್ಲಾಪುರದ ಕಡೆಯಿಂದ ಮದುವೆಯಾಗಿ ಆ ಊರಿಗೆ ಬಂದವಳು. ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದರು. ನನ್ನ ಗಂಡ ಹುಮನಾಬಾದಿನಲ್ಲಿ ಜೋಳದ ವ್ಯಾಪಾರ ಮಾಡುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯ ಯಜಮಾನಿಕೆ ನನ್ನದೇ. ಆಗ ನನಗೆ ಇಪ್ಪತ್ತನಾಲ್ಕು ವರ್ಷ.

ನಮ್ಮ ಓಣಿ ಇಳಿಜಾರಿನಲ್ಲಿತ್ತು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ನೀರು ಕಲ್ಲಿನ ದೋಣಿಯಿಂದ ಹಿತ್ತಲಿಗೆ ಬೀಳುತ್ತಿತ್ತು. ಮೇಲಿನ ದಿನ್ನೆಯಿಂದ ಹರಿದು ಬರುವ ನೀರೂ ಅಲ್ಲಿಗೇ ಸೇರುತ್ತಿತ್ತು. ಎರಡನ್ನೂ ಹೊರಗೆ ಸಾಗಿಸಲು ನಮ್ಮ ಮಾವನ ಕಾಲದ ಒಂದು ಗಟಾರ ಇತ್ತು. ಕಲ್ಲು ಹಾಸಿದ ಆ ಕಾಲುವೆ ಹಿತ್ತಲನ್ನು ಬಳಸಿಕೊಂಡು ಹೋಗಿ ಓಣಿಯ ದೊಡ್ಡ ಮೋರಿಗೆ ಕೂಡುತ್ತಿತ್ತು. ನಮ್ಮ ಮನೆಗಿಂತ ಒಂದಾಳು ತಗ್ಗಿನಲ್ಲಿ ಇನ್ನೊಂದು ಮನೆ. ಎರಡು ಮನೆಗಳ ನಡುವೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ಇಕ್ಕಟ್ಟಾದ ಸಂದಿ.

ಆ ಕೆಳಗಿನ ಮನೆಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಮತ್ತು ಅವರ ಮಗಳು ಇದ್ದರು. ಗಂಡ ಬೇಗ ತೀರಿಹೋಗಿದ್ದರಿಂದ ಆಕೆ ಕುಪ್ಪಸ, ಲಂಗ, ಮಕ್ಕಳ ಅಂಗಿ ಹೊಲಿದು ಮನೆ ನಡೆಸುತ್ತಿದ್ದರು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಕಡೆಯ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಗೋಡೆಯಾಚೆಯಿಂದ ನನ್ನ ರೊಟ್ಟಿಯ ಸಪ್ಪಳ ಕೇಳಿಯೇ ಹಿಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದರು. ನನ್ನನ್ನು ಬೇಟಿ, ಅಂದರೆ ಮಗಳೇ, ಎಂದು ಕರೆಯುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೆಂಟರ ಹೋಳಿ ಮುಗಿಯುತ್ತಿದ್ದಂತೆ ಊರಲ್ಲಿ ಇರುವುದು ಕಷ್ಟವಾಯಿತು. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕೋ ಬೇಡವೋ ಎಂಬ ಗದ್ದಲ. ನಿಜಾಮರ ಪರದ ರಜಾಕಾರರ ದಂಡು ಇಂದು ಈ ಹಳ್ಳಿಗೆ ಬಂತು, ನಾಳೆ ಆ ಹಳ್ಳಿಗೆ ಬರುತ್ತದೆ ಎಂಬ ಸುದ್ದಿ. ಮಂಠಾಳದಿಂದ, ಮೋರಖಂಡಿಯಿಂದ ಚಕ್ಕಡಿ ಕಟ್ಟಿಕೊಂಡು ಜನ ಗಡಿ ದಾಟುತ್ತಿದ್ದರು. ನಾವೂ ಸೊಲ್ಲಾಪುರಕ್ಕೆ ನನ್ನ ತವರಿಗೆ ಹೊರಟೆವು. ಬೀಗದ ಕೈಯನ್ನು ಖಾಲಾನ ಕೈಗೆ ಕೊಟ್ಟೆ. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮರಳಿ ಬಂದದ್ದು ದಸರೆಗೆ. ಅಷ್ಟರಲ್ಲಿ ಹಿಂದುಸ್ತಾನದ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿದಿತ್ತು. ನಮ್ಮ ಭಯ ತೀರಿತ್ತು, ಖಾಲಾನಂಥ ಮುಸ್ಲಿಮರಿಗೆ ಭಯ ಶುರುವಾಗಿತ್ತು. ನಮ್ಮ ಮನೆಯಲ್ಲಿ ಒಂದು ಗಡಿಗೆ ಕೂಡ ಕದಲಿರಲಿಲ್ಲ. ಅಟ್ಟದ ಮೇಲಿನ ಜೋಳಕ್ಕೆ ಹುಳ ಹತ್ತಬಾರದೆಂದು ಬೇವಿನ ಎಲೆ ಬೆರೆಸಿದ್ದರು. ಖಾಲಾ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಜಾಗ ತೋರಿಸಿದರು. ಆಷಾಢದ ಮಳೆಗೆ ಹಿತ್ತಲ ಗೋಡೆಯ ಒಂದು ತುಂಡು ಗಟಾರದೊಳಗೆ ಬಿದ್ದು ನೀರಿನ ದಾರಿ ಕಟ್ಟಿಕೊಂಡಿತ್ತಂತೆ. ನೀರು ನಮ್ಮ ಹಿಂದಿನ ಗೋಡೆಗೆ ಆನಿಕೊಂಡು ಮೊಣಕಾಲು ಮಟ್ಟ ನಿಂತಿತ್ತಂತೆ. ಕಲ್ಲು ಎತ್ತಲು ತಾಯಿ ಮಗಳಿಂದ ಆಗಲಿಲ್ಲ. ಗಂಡಾಳುಗಳು ಯಾರೂ ಮನೆಯಿಂದ ಹೊರಗೆ ಬರುವ ಕಾಲವಲ್ಲ ಅದು. ಕೊನೆಗೆ ಇಬ್ಬರೂ ಗುದ್ದಲಿ ಹಿಡಿದು ಹಿತ್ತಲಿನ ಅಂಚನ್ನು ಸಂದಿಯ ಕಡೆಗೆ ಕಡಿದು ನೀರು ಬಿಟ್ಟಿದ್ದರು.

ಸಂದಿಯಾಚೆ ಇದ್ದದ್ದು ಅವರದೇ ಅಡುಗೆಮನೆಯ ಗೋಡೆ.

"ನಿನ್ನ ಮನಿ ಉಳೀಲಿ ಅಂತ ಕಡಿದೆ ಬೇಟಿ," ಎಂದರು. "ಒಂದು ಮಳಿ ನನ್ನ ಗೋಡಿ ತಡೀತು. ಇನ್ನೊಂದು ತಡ್ಯಾಂಗಿಲ್ಲ. ಬ್ಯಾಸಗ್ಯಾಗ ಗಟಾರ ತೆಗಿಸಿ ಇದನ್ನ ಮುಚ್ಚಿಸಿಬಿಡು."

ನಾನು ಅವರ ಎರಡೂ ಕೈ ಹಿಡಿದು ಆಗಲಿ ಖಾಲಾ ಎಂದೆ. ಆಗ ನಿಜವಾಗಿಯೂ ಮಾಡಿಸುವ ಮನಸ್ಸಿತ್ತು.

ಆ ತಿಂಗಳೇ ಅವರು ಊರು ಬಿಟ್ಟರು. ಸೇಡಿನ ಆ ದಿನಗಳಲ್ಲಿ ಹಳ್ಳಿಗೆ ಹೋಗಿದ್ದ ಅವರ ತಮ್ಮ ಮರಳಿ ಬಂದಿರಲಿಲ್ಲ. ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹರೆಯದ ಮಗಳನ್ನು ಕಟ್ಟಿಕೊಂಡು ಹೈದರಾಬಾದಿನ ನೆಂಟರ ಮನೆಗೆ ಹೊರಟರು. ಈ ಸಲ ಬೀಗದ ಕೈ ನನ್ನ ಸೆರಗಿಗೆ ಬಂತು.

ಚಳಿಗಾಲ ಕಳೆಯಿತು. ಊರು ತಣ್ಣಗಾಗುತ್ತಿದ್ದಂತೆ ನನ್ನ ಗಂಡನ ವ್ಯಾಪಾರ ಕುದುರಿತು. ಜೋಳ ತುಂಬಲು ಮನೆಯಲ್ಲೊಂದು ಕೋಣೆ ಬೇಕು ಎಂದರು. ಹಿತ್ತಲಲ್ಲಿ ಕೋಣೆ ಕಟ್ಟುವಷ್ಟು ಜಾಗ ಇದ್ದದ್ದು ಆ ಹಳೆಯ ಗಟಾರ ಹಾದುಹೋದ ಕಡೆಗೆ ಮಾತ್ರ. ಗಟಾರ ಹೇಗೂ ಮುಚ್ಚಿಹೋಗಿತ್ತು. ನೀರು ಹೇಗೂ ಇನ್ನೊಂದು ದಾರಿ ಹಿಡಿದಿತ್ತು. ಹಾಗೆ ಯೋಚಿಸಿದ್ದು ನಾನು. ಗಂಡ ಜಾಗವನ್ನು ನನಗೇ ಬಿಟ್ಟಿದ್ದರು.

ಹುಮನಾಬಾದಿನಿಂದ ಗೋಡೆ ಕಟ್ಟುವ ಒಬ್ಬ ಗೌಂಡಿಯನ್ನು ಕಳಿಸಿದರು. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಬಂದವನು ಸಲಿಕೆ ಕೆಳಗಿಟ್ಟು ಮೊದಲು ಮಾಳಿಗೆಯ ದೋಣಿ ನೋಡಿದ, ಮೇಲಿನ ದಿನ್ನೆ ನೋಡಿದ, ಆಮೇಲೆ ಸಂದಿಯ ಕಡೆಗೆ ಕಡಿದಿದ್ದ ಜಾಗದ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಈ ನೀರು ಮೊದಲಿಂದನೂ ಇಲ್ಲೇ ಹೋಗತದೇನ್ರಿ ಅವ್ವಾರ?"

"ಹೌದು," ಎಂದೆ. "ಮೊದಲಿಂದನೂ ಅಲ್ಲೇ ಹೋಗತದ."

"ಕೆಳಗಿನ ಮನಿಯವರು ಏನೂ ಅನ್ನಂಗಿಲ್ಲೇನ್ರಿ?"

"ಅವರು ಊರಾಗ ಇಲ್ಲ."

ಅವನು ನನ್ನ ಮುಖವನ್ನೊಮ್ಮೆ ನೋಡಿ ಎದ್ದು ಬುನಾದಿಯ ಗೆರೆ ಹಾಕತೊಡಗಿದ. ನಾನು ಒಳಗೆ ಹೋಗಿ ಅವನಿಗೆ ಮಜ್ಜಿಗೆ ತಂದು ಕೊಟ್ಟೆ, ಬೇಡವೆಂದರೂ ಇನ್ನೊಂದು ಲೋಟ ಕೊಟ್ಟೆ.

ನಲವತ್ತೊಂಬತ್ತರ ಮಳೆ ಚೆನ್ನಾಗಿ ಬಂತು. ಮೊದಮೊದಲು ಸಂದಿಯಲ್ಲಿ ಕಸಕಡ್ಡಿ ಹರಿದುಹೋಯಿತು. ಆಮೇಲೆ ನೀರು ಕೆಂಪಾಯಿತು. ನಮ್ಮ ಕಡೆಯ ಮಣ್ಣು ಕೆಂಪು, ಸಡಿಲು, ಒಮ್ಮೆ ನೀರಿಗೆ ದಾರಿ ಸಿಕ್ಕರೆ ಬೆಲ್ಲದ ಹಾಗೆ ಕರಗುತ್ತದೆ. ಶ್ರಾವಣ ಮುಗಿಯುವಷ್ಟರಲ್ಲಿ ಖಾಲಾನ ಗೋಡೆಯ ಬುನಾದಿಯ ಕಲ್ಲುಗಳು ಒಸಡು ಸರಿದ ಹಲ್ಲುಗಳಂತೆ ಕಾಣತೊಡಗಿದವು. ನನ್ನ ಅಡುಗೆಮನೆಯ ಕಿಟಕಿ ಸಂದಿಯ ಕಡೆಗೇ ಇತ್ತು. ಒಲೆಯ ಮುಂದೆ ಕೂತರೆ ಅದು ಕಾಣುತ್ತಿತ್ತು. ಒಂದು ದಿನ ಆ ಕಿಟಕಿಯನ್ನು ಮುಚ್ಚಿ ಮೊಳೆ ಹೊಡೆಸಿದೆ. ಗಂಡ ಕೇಳಿದ್ದಕ್ಕೆ ಸೊಳ್ಳೆ ಬರುತ್ತವೆ ಎಂದೆ.

ಮೊದಲೆಲ್ಲ ತಿಂಗಳಿಗೊಮ್ಮೆ ಖಾಲಾನ ಮನೆಯ ಬೀಗ ತೆಗೆದು ಕಸ ಹೊಡೆದು ಬರುತ್ತಿದ್ದೆ. ಭಾದ್ರಪದದಲ್ಲಿ ಹೋದಾಗ ಅಡುಗೆಮನೆಯ ಗೋಡೆಯಲ್ಲಿ ನೆಲದಿಂದ ಗೂಡಿನವರೆಗೆ ಒಂದು ಬಿರುಕು ಕಂಡಿತು. ಕೈಬೆರಳು ತೂರುವಷ್ಟಿತ್ತು. ಕಸಬರಿಗೆಯನ್ನು ಅಲ್ಲೇ ಮೂಲೆಗೆ ನಿಲ್ಲಿಸಿ ಹೊರಗೆ ಬಂದೆ. ಆಮೇಲೆ ಒಳಗೆ ಹೋಗಲಿಲ್ಲ. ಆಗಲೂ ಹೊತ್ತು ಮೀರಿರಲಿಲ್ಲ. ಕಡಿದ ಜಾಗಕ್ಕೆ ನಾಲ್ಕು ಬುಟ್ಟಿ ಮುರುಮು, ಗಟ್ಟಿ ಗರಸು ಮಣ್ಣು, ತುಂಬಿಸಿ ನೀರನ್ನು ಬೇರೆ ಕಡೆಗೆ ತಿರುಗಿಸಬಹುದಿತ್ತು. ಹಾಗೆ ಮಾಡಿದ್ದರೆ ಕೋಣೆಯ ಬಗಲಲ್ಲಿ ನೀರು ನಿಂತು ಜೋಳಕ್ಕೆ ತಂಪು ಹಿಡಿಯುತ್ತಿತ್ತು. ನಾನು ಜೋಳವನ್ನು ನೋಡಿಕೊಂಡೆ.

ಇದಕ್ಕಿಂತ ಕೆಟ್ಟದ್ದು ಮುಂದಿನ ಬೇಸಿಗೆಯಲ್ಲಿ ಮಾಡಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಎಲ್ಲರ ಮನೆಯ ಪದ್ಧತಿ. ಊರ ಹೊರಗಿನಿಂದ ಮಣ್ಣು ತರಿಸಬೇಕು, ಜರಡಿ ಹಿಡಿಯಬೇಕು. ಆ ವರ್ಷ ಸಂದಿಯ ಬಾಯಲ್ಲಿ, ಓಣಿಗೆ ಸೇರುವ ಕಡೆ, ನೀರು ತಂದು ಬಿಟ್ಟ ಕೆಂಪು ಮಣ್ಣು ಗುಡ್ಡೆಯಾಗಿ ಒಣಗಿತ್ತು. ಎಷ್ಟು ನಯ ಎಂದರೆ ಮುಟ್ಟಿದರೆ ಹಿಟ್ಟಿನಂತಿತ್ತು. ಆಳು ಹೆಂಗಸಿನ ಕೈಯಲ್ಲಿ ಅದನ್ನೇ ಬುಟ್ಟಿಗೆ ತುಂಬಿಸಿ ನಮ್ಮ ಮಾಳಿಗೆಯ ಮೇಲೆ ಹಾಕಿಸಿದೆ. ಎಲ್ಲಿಯ ಮಣ್ಣು ಎಂದು ನನಗೆ ಗೊತ್ತಿತ್ತು. ಓಣಿಯ ಮಣ್ಣು, ಯಾರದೂ ಅಲ್ಲ ಎಂದು ಆ ಹೆಂಗಸಿಗೆ ಹೇಳಿದೆ. ಅವಳೇನೂ ಕೇಳಿರಲಿಲ್ಲ.

ಐವತ್ತರ ಬೇಸಿಗೆ ಮುಗಿಯುವ ಹೊತ್ತಿಗೆ ಖಾಲಾ ಮರಳಿ ಬಂದರು. ಟಾಂಗಾದಿಂದ ತಾಯಿ ಮಗಳು ಒಂದು ಟ್ರಂಕು, ಹೊಲಿಗೆ ಮಷೀನು ಇಳಿಸಿಕೊಂಡರು. ಖಾಲಾ ಸೊರಗಿದ್ದರು, ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಅಪ್ಪಿಕೊಂಡು ಅತ್ತರು. ನೆಂಟರ ಮನೆಯಲ್ಲಿ ಒಂದೂವರೆ ವರ್ಷ ಅನ್ನ ತಿಂದೆ, ಇನ್ನು ಸಾಕು, ನಮ್ಮ ಮನೆ ನಮಗೆ ಸಾಕು ಎಂದರು. ಎಷ್ಟೋ ಮಂದಿಯ ಮನೆಯ ಬಾಗಿಲು ಚೌಕಟ್ಟು ಕೂಡ ಉಳಿದಿಲ್ಲ, ನಮ್ಮ ಮನೆಯನ್ನು ನೀನು ಕಾದೆ ಎಂದು ನನಗೆ ಹೈದರಾಬಾದಿನಿಂದ ತಂದ ಅರಗಿನ ಬಳೆ ಕೊಟ್ಟರು. ತಾವೇ ನನ್ನ ಕೈಗೆ ತೊಡಿಸಿದರು.

ಆಮೇಲೆ ಒಳಗೆ ಹೋದರು. ಬಿರುಕು ಕಂಡರು, ಹೊರಗೆ ಬಂದು ಸಂದಿಗೆ ಇಳಿದರು. ನಾನೂ ಹಿಂದೆ ಹೋದೆ. ಅವರು ಬರಿದಾದ ಬುನಾದಿಯ ಕಲ್ಲುಗಳ ಮೇಲೆ ಕೈಯಾಡಿಸಿ, ತಲೆಯೆತ್ತಿ ಮೇಲೆ ತಾವೇ ಕಡಿದಿದ್ದ ಜಾಗವನ್ನು ನೋಡಿದರು. ತಗ್ಗಿನಲ್ಲಿ ನಿಂತವರಿಗೆ ಹಿತ್ತಲ ಹೊಸ ಕೋಣೆ ಕಾಣುತ್ತಿರಲಿಲ್ಲ.

"ಗಟಾರ ತೆಗಿಸಲಿಲ್ಲೇನ ಬೇಟಿ?"

"ಆಳು ಸಿಗಲಿಲ್ಲ ಖಾಲಾ. ಕಾಲ ಹಂಗಿತ್ತು."

ಅವರು ತಲೆಯಾಡಿಸಿದರು. "ಹೌದು. ಕಾಲ ಹಂಗೇ ಇತ್ತು. ನಿಂದೇನು ತಪ್ಪು. ಕಡಿದಾಕಿ ನಾನು, ಮುಚ್ಚಿ ಹೋಗಬೇಕಾಗಿತ್ತು."

ನನ್ನ ಕೈಯಲ್ಲಿ ಹೊಸ ಬಳೆಗಳಿದ್ದವು.

ಅಂದಿನಿಂದ ಹದಿನೈದು ದಿನ ಆ ಮನೆಯಿಂದ ಮಗಳ ಮಾತು ನನಗೆ ಕೇಳುತ್ತಿತ್ತು. ಹತ್ತೊಂಬತ್ತರ ಹುಡುಗಿ, ಹೈದರಾಬಾದಿನಲ್ಲಿ ಏನೇನು ಸಹಿಸಿ ಬಂದಿದ್ದಳೋ, ಸಿಟ್ಟೆಲ್ಲ ತಾಯಿಯ ಮೇಲೆ. ಬೇರೆಯವರ ಮನೆ ಉಳಿಸಲು ನಮ್ಮ ಗೋಡೆಗೆ ನೀರು ಬಿಟ್ಟೆ, ನಿನ್ನ ಕೈಯಾರೆ ಕೆಡಿಸಿದೆ ಎಂದು ಒಲೆ ಹೊತ್ತಿಸುವಾಗ, ಪಾತ್ರೆ ತೊಳೆಯುವಾಗ, ಮಷೀನಿಗೆ ದಾರ ಪೋಣಿಸುವಾಗ ಅನ್ನುತ್ತಿದ್ದಳು. ಖಾಲಾ ಎದುರಾಡುತ್ತಿರಲಿಲ್ಲ. ನಾನು ಮೊಳೆ ಹೊಡೆಸಿದ ಕಿಟಕಿಯ ಈಚೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಖಾಲಾ ನಮ್ಮ ಮನೆಗೆ ಬಂದಾಗಲೆಲ್ಲ ಪಡಸಾಲೆಯಲ್ಲೇ ಕೂರಿಸಿ, ಚಹಾ ಕೊಟ್ಟು, ಹಿತ್ತಲ ಕಡೆ ಹೋಗದಂತೆ ನೋಡಿಕೊಂಡೆ. ಗಂಡ ಬಂದ ಮೇಲೆ ಖಾಲಾನಿಗೆ ನಿಜ ಹೇಳೋಣ ಎಂದುಕೊಂಡೆ. ಗಂಡ ಬಂದರು, ಹೋದರು. ಹೇಳಲಿಲ್ಲ.

ಮೃಗಶಿರೆಯ, ನಮ್ಮ ಮಾತಲ್ಲಿ ಮಿರಗದ, ಎರಡನೆಯ ಮಳೆ ಮಧ್ಯಾಹ್ನದ ಮೇಲೆ ಸುರಿಯಿತು. ಅರ್ಧ ತಾಸೂ ಆಗಿರಲಿಲ್ಲ, ಭಾರವಾದದ್ದೇನೋ ಕುಸಿದ ಸದ್ದಾಯಿತು. ನಾನು ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಓಡಿದೆ. ತಾಯಿ ಮಗಳು ಮುಂದಿನ ಕೋಣೆಯಲ್ಲಿದ್ದರು, ಇಬ್ಬರಿಗೂ ಏನೂ ಆಗಿರಲಿಲ್ಲ. ಅಡುಗೆಮನೆಯ ಗೋಡೆ ಇರಲಿಲ್ಲ. ಒಲೆ, ಮಳೆಗಾಲಕ್ಕೆಂದು ತುಂಬಿಟ್ಟಿದ್ದ ಜೋಳದ ಗಡಿಗೆಗಳು ಎಲ್ಲ ಕೆಸರಿನಡಿ. ಮಾಳಿಗೆಯ ತೊಲೆ ಒಂದು ಕಡೆ ನೆಲಕ್ಕೆ ಆನಿತ್ತು. ನಮ್ಮ ದೋಣಿಯಿಂದ ಬಿದ್ದ ನೀರು ಹಿತ್ತಲು ದಾಟಿ, ಸಂದಿ ದಾಟಿ, ನೇರವಾಗಿ ಅವರ ಮನೆಯೊಳಗೆ ಹರಿದು ಬರುತ್ತಿತ್ತು. ಖಾಲಾ ಅದರಲ್ಲಿ ಪಾದ ಮುಳುಗಿಸಿಕೊಂಡು ನಿಂತು ಮಗಳಿಗೆ, ನಾನೇ ಮಾಡಿದ್ದು, ನಾನೇ ಮಾಡಿದ್ದು ಎನ್ನುತ್ತಿದ್ದರು.

ನಾನು ಕೆಸರಿನಿಂದ ಗಡಿಗೆ ತೆಗೆಯಲು ನೆರವಾದೆ. ಅವರನ್ನು ನಮ್ಮ ಮನೆಗೆ ಕರೆದು ಬಿಸಿ ಅನ್ನ ಹಾಕಿದೆ. ಅವರು ನನ್ನನ್ನು ಹರಸಿದರು.

ಸುದ್ದಿ ತಿಳಿದು ಗಂಡ ಹುಮನಾಬಾದಿನಿಂದ ಅದೇ ಗೌಂಡಿಯನ್ನು ಕಳಿಸಿದರು. ತಾವೂ ಮರುದಿನ ಬರುವುದಾಗಿ ಹೇಳಿ ಕಳಿಸಿದ್ದರು. ಗೌಂಡಿ ಬಿದ್ದ ಗೋಡೆಯನ್ನು ಸುತ್ತಿ ಬಂದ. ಖಾಲಾ, ಮಗಳು, ನಾನು ಮೂವರೂ ಸಂದಿಯ ಬಾಯಲ್ಲಿ ನಿಂತಿದ್ದೆವು. ಓಣಿಯ ನಾಲ್ಕಾರು ಮಂದಿಯೂ ಇದ್ದರು. ಖಾಲಾ ಅವನಿಗೆ, ಈ ದಾರಿ ಕಡಿದದ್ದು ನಾನು, ಎರಡು ವರ್ಷದ ಹಿಂದೆ, ಮೇಲಿನ ಮನೆಯ ಗಟಾರ ಕಟ್ಟಿಕೊಂಡಿತ್ತು ಎಂದು ವಿವರಿಸಿದರು.

ಗೌಂಡಿ ಕೈಗಂಟಿದ ಮಣ್ಣು ಒರೆಸಿಕೊಳ್ಳುತ್ತ ನನ್ನತ್ತ ತಿರುಗಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

"ಮೊದಲಿಂದನೂ ಇಲ್ಲೇ ಹೋಗತದ ಅಂದಿದ್ರಲ್ರಿ ಅವ್ವಾರ? ಬುನಾದ್ಯಾಗಿನ ಕಲ್ಲು ಗಟಾರದ್ದು ಅಂದಿದ್ರ ಅದರ ಮ್ಯಾಗ ನಾ ಕೋಣಿ ಕಟ್ಟತಿರಲಿಲ್ಲ."

ಖಾಲಾ ನಿಧಾನವಾಗಿ ನಮ್ಮ ಹಿತ್ತಲಿಗೆ ಹತ್ತಿ ಹೋದರು. ಕೋಣೆಯನ್ನು ನೋಡಿದರು. ಅದರ ಬುಡದಲ್ಲಿ ಗಟಾರದ ಹಳೆಯ ಹಾಸುಗಲ್ಲಿನ ಅಂಚೊಂದು ಹೊರಗೆ ಇಣುಕಿತ್ತು. ಅದನ್ನೂ ನೋಡಿದರು. ಮರಳಿ ಬಂದು ನನ್ನ ಎದುರು ನಿಂತರು.

"ಹದಿನೈದು ದಿನ ನನ್ನ ಮಗಳ ಕೈಲೆ ಬೈಸ್ಕೊಂಡೆ," ಎಂದರು. "ನೀ ಕೇಳಿಸ್ಕೋತ ಕುಂತಿದ್ದಿ."

ಅಷ್ಟೇ ಅಂದದ್ದು. ನನಗೆ ನೆಲ ನೋಡುವುದಕ್ಕೂ ಆಗಲಿಲ್ಲ, ನೆಲದಲ್ಲಿ ಅವರ ಗೋಡೆಯ ಕಲ್ಲುಗಳೇ ಇದ್ದವು. ನಿಂತಿದ್ದ ಜನ ಒಬ್ಬೊಬ್ಬರಾಗಿ ಸರಿದು ಹೋದರು.

ಮರುದಿನ ಗಂಡ ಬಂದಾಗ ಎಲ್ಲವನ್ನೂ ಹೇಳಿದೆ. ಗೋಡೆ ಕಟ್ಟಿಸಿಕೊಡೋಣ, ಮುಗಿಯಿತಲ್ಲ ಎಂದರು. ಕೋಣೆ ಒಡೆಯದೆ ಗಟಾರ ತೆರೆಯುವುದಿಲ್ಲ, ಗಟಾರ ತೆರೆಯದೆ ಆ ಗೋಡೆ ನಿಲ್ಲುವುದಿಲ್ಲ ಎಂದು ಗೌಂಡಿಯ ಮಾತನ್ನೇ ಹೇಳಿದೆ. ಅವರಿಗೆ ಸಿಟ್ಟು ಬಂತು. ಆಗಷ್ಟೇ ಗೋಡೆಗೆ ಗಿಲಾವು ಮಾಡಿಸಿದ ಕೋಣೆ ಎಂದು ಕೂಗಾಡಿದರು. ಊಟ ಮಾಡಲಿಲ್ಲ. ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಹೋದಾಗ ಹಾರೆ ಹಿಡಿದು ಕೋಣೆಯ ಮುಂದೆ ನಿಂತಿದ್ದರು. ನನ್ನ ಕಡೆ ತಿರುಗದೆ, ಹೋದ ವರ್ಷವೇ ನಾನೂ ಖಾಲಾನ ಗೋಡೆಯ ಬುನಾದಿ ನೋಡಿದ್ದೆ ಎಂದರು. ಕಿಟಕಿ ಮುಚ್ಚಿಸಿದಾಗ ನಾನು ಹೇಳಿದ ಸೊಳ್ಳೆಯ ಮಾತನ್ನು ಅವರು ನಂಬಿಯೇ ಇರಲಿಲ್ಲ.

ಕೋಣೆಯ ಎರಡು ಗೋಡೆ ಒಡೆದು ಹಳೆಯ ಗಟಾರವನ್ನು ಬಗೆದು ತೆಗೆದರು. ಗೌಂಡಿ ಒಂದೊಂದು ಹಾಸುಗಲ್ಲನ್ನೂ ತುಸು ಇಳಿಜಾರಿಗೆ ಕೂರಿಸಿ, ತಂಬಿಗೆಯಿಂದ ನೀರು ಸುರಿದು ಎಲ್ಲೂ ನಿಲ್ಲದೆ ಹೋಗುತ್ತದೆಯೇ ಎಂದು ನೋಡುತ್ತಿದ್ದ. ಸಂದಿಯ ಕಡೆಗೆ ಕಡಿದದ್ದನ್ನು ಕಲ್ಲಿಟ್ಟು ಮುಚ್ಚಿದ. ಆಮೇಲೆ ಖಾಲಾನ ಗೋಡೆ. ಬುನಾದಿ ಆಳಕ್ಕೆ ಹೋಯಿತು. ಕಲ್ಲು ಕೂರಿಸುವುದಕ್ಕೆ ನಯವಾದ ಕೆಂಪು ಮಣ್ಣು ಬೇಕು, ಮಳೆಯಲ್ಲಿ ಎಲ್ಲಿಂದ ತರುವುದು ಎಂದು ಅವನು ತಲೆ ತುರಿಸಿಕೊಂಡ.

ಮಣ್ಣು ನಮ್ಮ ಮಾಳಿಗೆಯ ಮೇಲಿದೆ ಎಂದೆ. ಖಾಲಾ ಅಲ್ಲೇ ಬಾಗಿಲಲ್ಲಿ ಕೂತಿದ್ದರು. ಅವರಿಗೆ ಕೇಳುವಂತೆಯೇ ಹೇಳಿದೆ. ಈ ಗೋಡೆಯ ಬುಡದಿಂದ ಹರಿದದ್ದು, ಬೇಸಿಗೆಯಲ್ಲಿ ನಾನೇ ತುಂಬಿಸಿ ಹಾಕಿಸಿದೆ ಎಂದೆ. ಯಾರೂ ಕೇಳದೆ, ಯಾರೂ ಹಿಡಿಯದೆ ನಾನು ಒಪ್ಪಿಕೊಂಡದ್ದು ಇಡೀ ಸಂಗತಿಯಲ್ಲಿ ಅದೊಂದನ್ನೇ. ಖಾಲಾ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಹೊಲಿಗೆಗೆ ತಿರುಗಿದರು.

ಮಳೆ ಬಿಡುವು ಕೊಟ್ಟ ಮೂರು ದಿನ ನಾನು ಮಾಳಿಗೆಯ ಮೇಲೆ ಕೂತು ಆ ಮಣ್ಣನ್ನು ಕೆರೆದೆ. ಬುಟ್ಟಿ ತುಂಬಿ ನಾನೇ ಹೊತ್ತು ಇಳಿಸಿದೆ. ಓಣಿಯ ಹೆಂಗಸರು ನಿಂತು ನೋಡಿದರು, ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಎರಡನೆಯ ದಿನ ಮಗಳು ಸಂದಿಯ ಬಾಯಿಗೆ ಬಂದು ನನ್ನ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿಕೊಳ್ಳತೊಡಗಿದಳು. ಕಣ್ಣು ಕೂಡಿಸಲಿಲ್ಲ. ನೆರವಿಗೆ ಬಂದಳೋ, ನಾನು ಅವರ ಹೊಸ ಗೋಡೆಯ ಹತ್ತಿರ ಹೋಗಬಾರದೆಂದು ಬಂದಳೋ ಗೊತ್ತಾಗಲಿಲ್ಲ. ಗೋಡೆ ಎದ್ದ ಮೇಲೆ ಗೌಂಡಿ ಅದರ ಬುಡಕ್ಕೆ ಮುರುಮು ಹಾಕಿ, ನೀರು ಗೋಡೆಯಿಂದ ದೂರ ಸರಿಯುವಂತೆ ವಾಟ ಕೊಟ್ಟು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ. ಮಣ್ಣು ಕದಲದಿರಲಿ ಎಂದು ಅಂಚಿಗೆ ಕರಿಕೆ ಹುಲ್ಲು ನೆಡಿಸಿದ. ನಮ್ಮ ಮಾಳಿಗೆ ಆ ವರ್ಷವೆಲ್ಲ ಸೋರಿತು.

ಅದೇ ವರ್ಷದ ಚಳಿಗಾಲದಲ್ಲಿ ಖಾಲಾನ ಮಗಳಿಗೆ ಹುಮನಾಬಾದಿನಲ್ಲಿ ಸಂಬಂಧ ಕೂಡಿ ಬಂತು. ಮದುವೆಯೂ ಅಲ್ಲೇ, ಗಂಡಿನ ಊರಲ್ಲಿ. ಖಾಲಾ ನಮ್ಮ ಮನೆಗೆ ಬಂದು ಇಬ್ಬರನ್ನೂ ಕರೆದರು. ನೀವಿಬ್ಬರೂ ಬರಬೇಕ್ರಿ ಎಂದರು. ಅವರು ನನಗೆ ಬಹುವಚನ ಹಚ್ಚಿದ್ದು ಗಂಡನನ್ನೂ ಸೇರಿಸಿ ಕರೆದದ್ದಕ್ಕೆ ಎಂದುಕೊಂಡೆ.

ಎರಡು ದಿನ ಮುಂಚೆಯೇ ಹುಮನಾಬಾದಿಗೆ ಹೋದೆ. ಓಣಿಯವರ ಮದುವೆ ಎಂದರೆ ಅಕ್ಕಿ ಆರಿಸುವುದು, ಈರುಳ್ಳಿ ಹೆಚ್ಚುವುದು ನಮ್ಮದೇ ಕೆಲಸ. ಸೆರಗು ಸಿಕ್ಕಿಸಿಕೊಂಡು ಹೆಂಗಸರ ನಡುವೆ ಕೂರಲು ಹೋದಾಗ ಖಾಲಾ ಬಂದು ನನ್ನ ಕೈಯಿಂದ ಮೊರ ತೆಗೆದುಕೊಂಡರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ.

"ನೀವು ಮೆಹಮಾನರು," ಎಂದರು, ಅಂದರೆ ಅತಿಥಿಗಳು. "ಮ್ಯಾಲೆ ಕೂಡ್ರಿ."

ಚಾಪೆಯ ಮೇಲಿನ ಹೆಂಗಸರೆಲ್ಲ ಜಾಗ ಬಿಟ್ಟು ಸರಿದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಗಾಜಿನ ಲೋಟದಲ್ಲಿ ಶರಬತ್ತು ತಂದುಕೊಟ್ಟರು. ಎರಡು ದಿನವೂ ಹಾಗೆಯೇ ಕೂತಿದ್ದೆ. ಅವರು ನನ್ನನ್ನು ಬಯ್ಯಲಿ, ಎಲ್ಲರ ಮುಂದೆ ಬಯ್ಯಲಿ ಎಂದು ಕಾಯುತ್ತಿದ್ದೆ. ಊಟಕ್ಕೆ ಮೊದಲು ನನಗೇ ಬಡಿಸಿದರು, ಹೊರಡುವಾಗ ಬಾಗಿಲವರೆಗೂ ಬಂದು ಕಳಿಸಿದರು. ಬೇಟಿ ಎಂದು ಮಾತ್ರ ಒಮ್ಮೆಯೂ ಕರೆಯಲಿಲ್ಲ.

ಕಲ್ಯಾಣಿಗೆ ಬರುವ ಬಸ್ಸಿನಲ್ಲಿ ಗಂಡ, ಎಷ್ಟು ಮರ್ಯಾದೆ ಮಾಡಿದರು ನೋಡು, ಎಲ್ಲ ಮರೆತಿದ್ದಾರೆ ಎಂದರು. ನಾನು ಹೌದು ಎಂದು, ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತೆ.